ಫ್ರಿಜ್ಜಿನಲ್ಲೂ ಬೆಳೆಯುವ, ಟಿ-ಕೋಶದ ಬಾಯಿ ಕಟ್ಟುವ ಯೆರ್ಸಿನಿಯಾ

ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕೊಡಗಿನ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ ಹಸಿ ಹಂದಿಮಾಂಸ ಇರುತ್ತದೆ. ತಣ್ಣಗಿಟ್ಟರೆ ಸಾಕು ಎಂಬ ಲೆಕ್ಕಾಚಾರ ಯೆರ್ಸಿನಿಯಾ ಎಂಟೆರೊಕೊಲಿಟಿಕಾದ ಮುಂದೆ ನಡೆಯುವುದಿಲ್ಲ. ಹಂದಿಯ ಟಾನ್ಸಿಲ್, ಕರುಳುಗಳಲ್ಲಿ ವಾಸಿಸುವ ಈ ಬ್ಯಾಕ್ಟೀರಿಯ 4 ಡಿಗ್ರಿ ಸೆಲ್ಸಿಯಸ್‌ನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಫ್ರೀಜರ್‌ನಲ್ಲಿ ಬೆಳವಣಿಗೆ ನಿಲ್ಲುತ್ತದೆ, ಆದರೆ ಬ್ಯಾಕ್ಟೀರಿಯ ಪೂರ್ತಿ ಸಾಯುವುದಿಲ್ಲ. ಚೆನ್ನಾಗಿ ಕುದಿಸಿದ ಪಂದಿ ಕರಿಗೆ ಹೆದರಬೇಕಿಲ್ಲ. ಹೆದರಬೇಕಾದ್ದು ಕರುಳು ತೊಳೆದ ಕೈಯಲ್ಲೇ ಮಗುವನ್ನು ಎತ್ತಿಕೊಳ್ಳುವುದಕ್ಕೆ, ಮಾಂಸ ಕತ್ತರಿಸಿದ ಹಲಗೆಯ ಮೇಲೆಯೇ ಈರುಳ್ಳಿ ಹೆಚ್ಚುವುದಕ್ಕೆ. ಕೀಮಾ ಆದರೆ ಒಳಭಾಗ 71 ಡಿಗ್ರಿ ಮುಟ್ಟಬೇಕು.

ಮೈಯೊಳಗಿನ 37 ಡಿಗ್ರಿಯಲ್ಲಿ ಇದರ ಸ್ವಭಾವವೇ ಬೇರೆ. ಸುಮಾರು 70 ಸಾವಿರ ಬೇಸ್ ಜೋಡಿಗಳ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ ಉಂಗುರ) ಒಳಗಿನ ಜೀನ್‌ಗಳು ಎಚ್ಚೆತ್ತು, ಸೂಜಿಯಂಥ ರಚನೆ ಕಟ್ಟಿ, ನಮ್ಮ ಕೋಶಗಳೊಳಕ್ಕೆ ಪ್ರೋಟೀನ್‌ಗಳನ್ನು ಚುಚ್ಚುತ್ತವೆ. ಅವುಗಳಲ್ಲಿ ಬಲು ಚುರುಕಾದದ್ದು ಯಾಪ್‌ಎಚ್ ಎಂಬ ಕಿಣ್ವ. ಪ್ರೋಟೀನ್‌ಗಳಲ್ಲಿನ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿದ ಫಾಸ್ಫೇಟನ್ನು ಕಿತ್ತುಹಾಕುವುದೇ ಅದರ ಕೆಲಸ.

ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣವಾದ ಟಿ-ಕೋಶ ತನ್ನ ಮೇಲ್ಮೈಯ ಗ್ರಾಹಕದಿಂದ ರೋಗಾಣುವಿನ ತುಣುಕನ್ನು ಗುರುತಿಸಿದೊಡನೆ ಎಲ್‌ಸಿಕೆ ಕಿಣ್ವವು ಗ್ರಾಹಕದ ಒಳಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಅಲ್ಲಿಗೆ ಬಂದು ಕೂರುವ ಝ್ಯಾಪ್-70 ಎಂಬ ಕಿಣ್ವವು, ಸುದ್ದಿಯನ್ನು ಮುಂದೆ ಸಾಗಿಸುವ ಲ್ಯಾಟ್ ಮತ್ತು ಎಸ್‌ಎಲ್‌ಪಿ-76 ಪ್ರೋಟೀನ್‌ಗಳಿಗೂ ಅಂಟಿಸುತ್ತದೆ. ಆಮೇಲೆ ಕೋಶದೊಳಗೆ ಕ್ಯಾಲ್ಸಿಯಂ ಏರಬೇಕು, ಟಿ-ಕೋಶಗಳು ಹೆಚ್ಚಲು ಬೇಕಾದ ಸಂಕೇತ-ಪ್ರೋಟೀನ್ ಐಎಲ್-2 ತಯಾರಾಗಬೇಕು. ಯಾಪ್‌ಎಚ್ ಒಳಹೊಕ್ಕರೆ ಲ್ಯಾಟ್, ಎಸ್‌ಎಲ್‌ಪಿ-76ರ ಮೇಲಿನ ಗುರುತುಗಳು ಅಳಿಸಿಹೋಗುತ್ತವೆ. ಗ್ರಾಹಕ ಕೂಗಿದರೂ ಕೋಶದ ಒಳಕ್ಕೆ ಸುದ್ದಿ ಮುಟ್ಟುವುದಿಲ್ಲ.

ಪ್ರಯೋಗಾಲಯದಲ್ಲಿ ಇದನ್ನು ತೋರಿಸಹೊರಟ ವಿದ್ಯಾರ್ಥಿಗಳು ಎಡವುವುದೂ ತಾಪಮಾನದಲ್ಲೇ. ಮತ್ತೆ ಮತ್ತೆ 37 ಡಿಗ್ರಿಯಲ್ಲಿ ಬೆಳೆಸಿದರೆ ಬ್ಯಾಕ್ಟೀರಿಯ ಪ್ಲಾಸ್ಮಿಡ್ಡನ್ನೇ ಕಳೆದುಕೊಳ್ಳುತ್ತದೆ, ಯಾಪ್‌ಎಚ್ ಇರುವುದೇ ಇಲ್ಲ. 26ರಿಂದ 28 ಡಿಗ್ರಿಯಲ್ಲಿ ಬೆಳೆಸಿ, ಸೋಂಕು ತಗುಲಿಸುವ ಮುನ್ನವಷ್ಟೇ 37ಕ್ಕೆ ಏರಿಸಿ.

ಇನ್ನೊಂದು ಮೋಸ ಇದಕ್ಕಿಂತ ದೊಡ್ಡದು. ಕೋಶಗಳನ್ನು ಒಡೆದ ಮೇಲೂ ಯಾಪ್‌ಎಚ್ ಕೆಲಸ ನಿಲ್ಲಿಸುವುದಿಲ್ಲ. ಟ್ಯೂಬಿನಲ್ಲೇ ಫಾಸ್ಫೇಟ್‌ಗಳು ಉದುರಿಹೋಗಿ, ಜೀವಂತ ಕೋಶದಲ್ಲೇ ಹಾಗಾಯಿತೆಂದು ಪ್ರೋಟೀನ್‌ಗಳನ್ನು ಗುರುತಿಸುವ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ನಂಬಿಸಿಬಿಡುತ್ತದೆ. ಕೋಶ ಒಡೆಯುವ ದ್ರಾವಣ (ಬಫರ್) ಮಂಜಿನಷ್ಟು ತಣ್ಣಗಿರಲಿ, ಅದಕ್ಕೆ ಈ ಕಿಣ್ವವನ್ನು ತಡೆಯುವ 1 ಮಿಲಿಮೋಲಾರ್ ಸೋಡಿಯಂ ಆರ್ಥೊವೆನಡೇಟ್ ಸೇರಿಸಿ. ಅದೇ ಬಫರ್‌ಗೆ ಇಡಿಟಿಎ ಹಾಕಿದರೆ ವೆನಡೇಟನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಡಿಟಿಟಿ ಅದನ್ನು ಅಪಕರ್ಷಿಸಿಬಿಡುತ್ತದೆ. ಎರಡೂ ಬೇಡ.

ಜೊತೆಗೆ, 403ನೇ ಸ್ಥಾನದ ಅಮೈನೋ ಆಮ್ಲವಾದ ಸಿಸ್ಟೀನನ್ನು ಬದಲಾಯಿಸಿದ, ಕಿಣ್ವಶಕ್ತಿಯಿಲ್ಲದ ಯಾಪ್‌ಎಚ್ ಇರುವ ತಳಿಯೂ ಅದೇ ಬ್ಲಾಟಿನಲ್ಲಿ ಇರಬೇಕು. ಅದರಲ್ಲೂ ಲ್ಯಾಟ್‌ನ ಫಾಸ್ಫೇಟ್ ಮಾಯವಾಗಿದ್ದರೆ ಕಾರಣ ಯಾಪ್‌ಎಚ್ ಕಿಣ್ವವಲ್ಲ, ಬೇರೆ ಕಡೆ ಹುಡುಕಬೇಕು.