ಐದನೇ ಸೀಸನ್ ಮುಗಿಸಿದ ರಾತ್ರಿ

ದೆವ್ವ ಭೂತಗಳನ್ನು ಬೇಟೆಯಾಡುವ ಅಣ್ಣ ಡೀನ್, ತಮ್ಮ ಸ್ಯಾಮ್‌ರ ಕಥೆ ಹೇಳುವ ಅಮೆರಿಕದ ಟಿವಿ ಸೀರೀಸ್ ‘ಸೂಪರ್‌ನ್ಯಾಚುರಲ್’ ಒಟ್ಟು 15 ಸೀಸನ್ ನಡೆಯಿತು. 2005ರಲ್ಲಿ ಶುರುವಾಗಿ 2020ರಲ್ಲಿ ನಿಂತಿತು. ನನ್ನ ಪಾಲಿಗೆ ಮಾತ್ರ ಅದು ಮುಗಿದಿದ್ದು ಐದನೇ ಸೀಸನ್ನಿಗೇ. ಅದನ್ನು ಹುಟ್ಟುಹಾಕಿದ ಎರಿಕ್ ಕ್ರಿಪ್ಕಿ ಮೊದಲು ಯೋಚಿಸಿಟ್ಟಿದ್ದೂ ಐದು ಸೀಸನ್ನಿನ ಕಥೆಯನ್ನೇ. ಅದನ್ನು ಹೇಳಿ ಮುಗಿಸಿ ಮುಖ್ಯ ಜವಾಬ್ದಾರಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಆ ಸೀಸನ್ನಿನ ಕೊನೆಯ ನಾಲ್ಕು ಎಪಿಸೋಡ್‌ಗಳು ಅಮೆರಿಕದ ಟಿವಿಯಲ್ಲಿ 2010ರ ಏಪ್ರಿಲ್ 22ರಿಂದ ಮೇ 13ರವರೆಗೆ ವಾರಕ್ಕೊಂದರಂತೆ ಬಂದಿದ್ದವು. ನಾನೂ ನನ್ನ ತಮ್ಮನೂ ಅವನ್ನು ಎಷ್ಟೋ ವರ್ಷಗಳ ಮೇಲೆ ಒಂದೇ ರಾತ್ರಿ ಕೂತು ನೋಡಿದೆವು. ಅವನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಮಂಚ ಬಿಟ್ಟು ಏಳುವಂತಿರಲಿಲ್ಲ. ದೆವ್ವದ ಕಥೆ ಅಂದರೆ ದೂರ ಓಡುವ ಹುಡುಗ, ಬೇರೆ ದಾರಿ ಇಲ್ಲದೆ ನನ್ನ ಜೊತೆ ನೋಡೋಕೆ ಶುರು ಮಾಡಿದ್ದ. ಐದನೇ ಸೀಸನ್ನಿನ ಹೊತ್ತಿಗೆ ನನಗಿಂತ ಅವನಿಗೇ ಹುಚ್ಚು ಜಾಸ್ತಿಯಾಗಿತ್ತು.

ಆ ನಾಲ್ಕರಲ್ಲಿ ಮೊದಲ ಎಪಿಸೋಡ್ ಬೇಸರ ತರಿಸಿತು. ಪ್ರಳಯ ತರಲು ಹೊರಟ, ದೇವದೂತನಾಗಿದ್ದು ಸೈತಾನನಾದ ಲೂಸಿಫರ್‌ನನ್ನು ತಡೆಯುವುದು ಹೇಗೆ ಅಂತ ಬೇರೆ ಬೇರೆ ಧರ್ಮಗಳ ದೇವರುಗಳು ಒಂದು ಹೋಟೆಲಿನಲ್ಲಿ ಸೇರುತ್ತಾರೆ. ಉತ್ತರ ಯುರೋಪಿನ ಓಡಿನ್, ಬಾಲ್ಡರ್ ಜೊತೆಗೆ ಕಾಳಿ, ಗಣೇಶ ಕೂಡ. ಅವರೆಲ್ಲ ಮನುಷ್ಯರನ್ನು ತಿನ್ನುವವರು, ಲೂಸಿಫರ್ ಬಂದ ಕೂಡಲೇ ಬಹುತೇಕ ಎಲ್ಲರೂ ಸಾಯುತ್ತಾರೆ. ಗಣೇಶನನ್ನು ಹಾಗೆ ತೋರಿಸಿದ್ದು ನನಗೆ ನೋವಾಯಿತು. ಜಗತ್ತಿನ ಅಷ್ಟೊಂದು ದೇವರುಗಳನ್ನು ಕರೆಸಿ, ಯಾರ ಕಥೆಯನ್ನೂ ಸರಿಯಾಗಿ ಓದದೆ ಬಳಸಿಕೊಂಡಿದ್ದಾರೆ ಅನ್ನಿಸಿತು. ಆ ಎಪಿಸೋಡ್ ಉಳಿಯೋದು ಗೇಬ್ರಿಯಲ್‌ನಿಂದ. ಅಷ್ಟು ದಿನ ತಲೆಮರೆಸಿಕೊಂಡು ತಮಾಷೆ ಮಾಡಿಕೊಂಡಿದ್ದ ದೇವದೂತ, ಕೊನೆಗೆ ಅಣ್ಣ ಲೂಸಿಫರ್‌ನ ಎದುರೇ ನಿಂತು ಅವನ ಕೈಯಲ್ಲೇ ಸಾಯುತ್ತಾನೆ.

ನಡುವಿನ ಎರಡು ಎಪಿಸೋಡ್ ಬೇಗ ಬೇಗ ಸಾಗುತ್ತವೆ. ಪ್ರಳಯದ ಜೊತೆ ಬರುವ ನಾಲ್ಕು ಕುದುರೆ ಸವಾರರ ಉಂಗುರಗಳು ಒಟ್ಟಾದರೆ ಲೂಸಿಫರ್‌ನ ಹಳೇ ಪಂಜರದ ಬಾಗಿಲು ತೆರೆಯುತ್ತದೆ. ಅದಕ್ಕಾಗಿ ಓಡಾಟ. ಸೀಸನ್ನಿನ ಉದ್ದಕ್ಕೂ ಗಾಲಿಕುರ್ಚಿಯಲ್ಲಿದ್ದ, ಡೀನ್ ಮತ್ತು ಸ್ಯಾಮ್‌ಗೆ ಅಪ್ಪನಂತಿರುವ ಬಾಬಿ ಎದ್ದು ನಿಂತಾಗ ನನ್ನ ತಮ್ಮ ಪ್ಲಾಸ್ಟರ್ ಮರೆತು ತಾನೂ ಏಳೋಕೆ ಹೋದ. ಬೈದು ಕೂರಿಸಿದೆ. ಆಮೇಲೆ ಡೀನ್ ಮತ್ತು ಆ ಸವಾರರಲ್ಲಿ ಒಬ್ಬನಾದ ಮೃತ್ಯು ಎದುರುಬದುರಾಗುವ ದೃಶ್ಯ. ಷಿಕಾಗೋದ ಒಂದು ಪಿಜ್ಜಾ ಅಂಗಡಿಯಲ್ಲಿ ಮೃತ್ಯು ನಿಧಾನವಾಗಿ ಪಿಜ್ಜಾ ತಿನ್ನುತ್ತಾ ಕೂತಿದ್ದಾನೆ. ಆ ಪಾತ್ರ ಮಾಡಿದ ಜೂಲಿಯನ್ ರಿಚಿಂಗ್ಸ್ ಒಮ್ಮೆಯೂ ದನಿ ಏರಿಸುವುದಿಲ್ಲ. ಇಡೀ ಸೀರೀಸ್‌ನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಅವನೊಬ್ಬನೇ.

ಕೊನೆಯ ಎಪಿಸೋಡ್‌ಗೆ ಮುಂಚೆ ನಾವು ಸ್ವಲ್ಪ ಹೊತ್ತು ನಿಲ್ಲಿಸಿದೆವು. ಪ್ರಳಯ ಬರುತ್ತೆ ಅಂತ ಇಡೀ ಸೀಸನ್ ಹೇಳಿದ್ದಾರೆ, ಈಗ ಆಕಾಶ ಬಿರಿಯುತ್ತೆ, ಊರುಗಳು ಉರಿಯುತ್ತವೆ ಅಂದ ತಮ್ಮ. ನನ್ನ ತಲೆಯಲ್ಲೂ ಅದೇ ಇತ್ತು.

ಅದು ಶುರುವಾಗೋದು ಒಂದು ಕಾರಿನ ಕಥೆಯಿಂದ! 1967ರ ಕಪ್ಪು ಷೆವ್ರೊಲೆ ಇಂಪಾಲಾ. ಯಾವ ಕಾರ್ಖಾನೆಯಿಂದ ಬಂತು, ಮೊದಲ ಮಾಲೀಕ ಯಾರು, ಈ ಅಣ್ಣ ತಮ್ಮ ಅದರಲ್ಲಿ ಹೇಗೆ ಬೆಳೆದರು ಅಂತ, ಇವರ ಕಥೆಯನ್ನೇ ಬರೆಯುವ ಕಾದಂಬರಿಕಾರ ಚಕ್ ಹೇಳುತ್ತಾ ಹೋಗುತ್ತಾನೆ. ಪುಟ್ಟ ಸ್ಯಾಮ್ ಆ್ಯಶ್‌ಟ್ರೇಯೊಳಗೆ ತುರುಕಿದ ಆಟಿಕೆ ಸೈನಿಕ ಇನ್ನೂ ಅಲ್ಲೇ ಸಿಕ್ಕಿಕೊಂಡಿದೆ. ಡೀನ್ ಗಾಳಿಕಿಂಡಿಯೊಳಗೆ ಹಾಕಿದ ಲೆಗೋ ತುಂಡುಗಳು ಹೀಟರ್ ಹಾಕಿದರೆ ಈಗಲೂ ಗಲಗಲ ಅನ್ನುತ್ತವೆ. ಇಂಥ ಹೊತ್ತಲ್ಲಿ ಇದೆಲ್ಲ ಯಾಕೆ ಅಂತ ತಮ್ಮ ಗೊಣಗಿದ.

ಸ್ಯಾಮ್ ಡೆಟ್ರಾಯಿಟ್‌ಗೆ ಹೋಗಿ ಲೂಸಿಫರ್‌ಗೆ ತನ್ನ ಮೈ ಬಿಟ್ಟುಕೊಡುತ್ತಾನೆ. ಒಳಗಿನಿಂದ ಅವನನ್ನು ಹಿಡಿದು, ಪಂಜರಕ್ಕೆ ಹಾರುವ ಯೋಚನೆ. ಆಗುವುದಿಲ್ಲ. ಲೂಸಿಫರ್ ಗೆದ್ದುಬಿಡುತ್ತಾನೆ. ಕೊನೆಯ ಯುದ್ಧಕ್ಕೆ ಆರಿಸಿಕೊಂಡ ಜಾಗ ಕ್ಯಾನ್ಸಾಸ್‌ನ ಸ್ಟಲ್ ಸ್ಮಶಾನ. ಒಂದು ಬಯಲು, ಕೆಲವು ಸಮಾಧಿ ಕಲ್ಲು, ಹಗಲ ಬೆಳಕು. ಅಷ್ಟೇ. ಸೈನ್ಯ ಇಲ್ಲ, ಸಿಡಿಲಿಲ್ಲ.

ಅಲ್ಲಿ ಯುದ್ಧಕ್ಕೆ ಬಂದ ದೇವದೂತ ಮೈಕೆಲ್ ಮತ್ತು ಲೂಸಿಫರ್ ಮಾತಾಡುವುದನ್ನು ನಾನು ಮತ್ತೆ ಮತ್ತೆ ಹಿಂದೆ ಹೋಗಿ ನೋಡಿದೆ. ಅವರೂ ಅಣ್ಣ ತಮ್ಮಂದಿರೇ. ಈ ಜಗಳ ಬೇಡ, ಇಬ್ಬರೂ ಹೊರಟುಬಿಡೋಣ ಅಂತ ಲೂಸಿಫರ್ ಕೇಳುತ್ತಾನೆ. ಅಪ್ಪನ, ಅಂದರೆ ದೇವರ, ಮಾತು ಮೀರಲಾರೆ ಅನ್ನುತ್ತಾನೆ ಮೈಕೆಲ್. ಆ ಕ್ಷಣದಲ್ಲಿ ಡೀನ್ ಹಳೇ ಕಾರು ಓಡಿಸಿಕೊಂಡು ಅವರ ನಡುವೆ ಬರುತ್ತಾನೆ. ಅವನ ಬಳಿ ಗೆಲ್ಲುವ ಉಪಾಯ ಯಾವುದೂ ಇಲ್ಲ. ತಮ್ಮ ಸಾಯುವುದಾದರೆ ಒಂಟಿಯಾಗಿ ಸಾಯಬಾರದು ಅಂತ ಮಾತ್ರ ಬಂದಿದ್ದಾನೆ. ಲೂಸಿಫರ್ ಸ್ಯಾಮ್‌ನ ಕೈಯಿಂದಲೇ ಅವನ ಮುಖಕ್ಕೆ ಹೊಡೆಯುತ್ತಾನೆ, ಹೊಡೆಯುತ್ತಲೇ ಇರುತ್ತಾನೆ. ಡೀನ್ ತಿರುಗಿ ಹೊಡೆಯುವುದಿಲ್ಲ. ನಾನು ಇಲ್ಲೇ ಇದ್ದೀನಿ, ನಿನ್ನ ಬಿಟ್ಟು ಹೋಗಲ್ಲ ಅನ್ನುತ್ತಾನೆ. ಆಗ ಕಾರಿನ ಮೇಲೆ ಬಿಸಿಲು ಮಿನುಗಿ ಸ್ಯಾಮ್‌ನ ಕಣ್ಣಿಗೆ ಆ ಆಟಿಕೆ ಸೈನಿಕ ಬೀಳುತ್ತದೆ. ಎತ್ತಿದ ಮುಷ್ಟಿ ಅಲ್ಲೇ ನಿಲ್ಲುತ್ತದೆ.

ನನ್ನ ತಮ್ಮ ಮುಖವನ್ನು ಆ ಕಡೆ ತಿರುಗಿಸಿಕೊಂಡ. ನನಗೂ ಗಂಟಲು ಕಟ್ಟಿತ್ತು. ಇಬ್ಬರೂ ಏನೂ ಮಾತಾಡಲಿಲ್ಲ. ಸ್ಯಾಮ್ ಮೈಕೆಲ್‌ನನ್ನೂ ಎಳೆದುಕೊಂಡು ಪಂಜರದ ಗುಂಡಿಗೆ ಬಿದ್ದ. ಆ ಬಯಲಿನಲ್ಲಿ ಲೂಸಿಫರ್ ಕೊಂದಿದ್ದ ದೇವದೂತ ಗೆಳೆಯ ಕ್ಯಾಸ್ಟಿಯಲ್, ಬಾಬಿ ಇಬ್ಬರೂ ಮತ್ತೆ ಬದುಕಿ ಬಂದರು. ಅಷ್ಟು ಸುಲಭವಾಗಿ ಬದುಕಿಸಬಾರದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಾವಿಗೆ ಬೆಲೆ ಇರಬೇಕು ಅಲ್ವಾ?

ಬೇಟೆ ಬಿಟ್ಟು ಮಾಮೂಲಿ ಬದುಕು ನಡೆಸುತ್ತೇನೆ ಅಂತ ಸ್ಯಾಮ್‌ಗೆ ಕೊಟ್ಟ ಮಾತಿನಂತೆ ಡೀನ್ ಹಳೇ ಗೆಳತಿ ಲೀಸಾ ಮನೆಗೆ ಹೋಗುತ್ತಾನೆ. ಅವಳು ಬಾಗಿಲು ತೆಗೆಯುತ್ತಾಳೆ. ಕಥೆ ಹೇಳುತ್ತಿದ್ದ ಚಕ್ ಬರೆದು ಮುಗಿಸಿ ಕಣ್ಣೆದುರೇ ಮಾಯವಾಗುತ್ತಾನೆ. ಇನ್ನು ಕೆಲವೇ ಸೆಕೆಂಡ್. ಬೀದಿ ದೀಪ ಆರುತ್ತದೆ, ಅದರ ಕೆಳಗೆ ಸ್ಯಾಮ್ ನಿಂತಿದ್ದಾನೆ.

“ಅಕ್ಕಾ, ಬದುಕಿದ್ದಾನೆ! ಆರನೇ ಸೀಸನ್ ಹಾಕು” ಅಂದ ತಮ್ಮ. ನಾನು ಹಾಕಲಿಲ್ಲ. ಆ ದೀಪದ ದೃಶ್ಯ ಇರಬಾರದಿತ್ತು ಅಂತ ವಾದ ಶುರು ಮಾಡಿದೆ. ಡೀನ್ ಊಟದ ಮೇಜಿನ ಮುಂದೆ ಕೂತಿರುವಲ್ಲಿಗೆ ಕಥೆ ಪೂರ್ತಿಯಾಗಿದೆ. ತಮ್ಮನನ್ನು ಕಳೆದುಕೊಂಡವನು, ಅವನಿಗೆ ಕೊಟ್ಟ ಮಾತು ಉಳಿಸಿಕೊಂಡು ಬದುಕಬೇಕು. ಸ್ಯಾಮ್ ಹೊರಗೆ ನಿಂತಿದ್ದರೆ ಆ ಮಾತಿನ ಭಾರವೇ ಹೋಗುತ್ತದೆ. ತಮ್ಮ ಒಪ್ಪಲಿಲ್ಲ. ಅಷ್ಟೆಲ್ಲ ಮಾಡಿದ ಹುಡುಗ ಪಂಜರದಲ್ಲೇ ಕೊಳೀಬೇಕಾ, ನಿನಗೆ ಕಥೆ ಮುಖ್ಯ, ನನಗೆ ಸ್ಯಾಮ್ ಮುಖ್ಯ ಅಂದ. ಪ್ಲಾಸ್ಟರ್ ಬಿಚ್ಚುವ ಮೊದಲೇ ಮುಂದಿನ ಸೀಸನ್‌ಗಳನ್ನು ಒಬ್ಬನೇ ನೋಡೋಕೆ ಶುರು ಮಾಡಿದ. ನಾನು ಇವತ್ತಿಗೂ ಆ ದೀಪ ಆರುವ ಮೊದಲೇ ನಿಲ್ಲಿಸುತ್ತೇನೆ.