ನಾನು ಕತ್ತರಿಸಿ ಎಸೆದ ಸ್ವರಗಳು

ಅಮೆರಿಕದ ಒಂದು ವಿಶ್ವವಿದ್ಯಾಲಯದ ಧ್ವನಿ ಸಂಗ್ರಹದಲ್ಲಿ ಹಳೆಯ ರೀಲ್ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುವುದು ನನ್ನ ಕೆಲಸ. ಆ ತಿಂಗಳು ಪಾಲಿಗೆ ಬಂದದ್ದು ಅಲಬಾಮಾದ ಸೇಕ್ರೆಡ್ ಹಾರ್ಪ್ ಗಾಯನದ, ಅಂದರೆ ಜನರೆಲ್ಲ ಒಟ್ಟಾಗಿ ವಾದ್ಯವಿಲ್ಲದೆ ಹಾಡುವ ಕ್ರೈಸ್ತ ಭಕ್ತಿಗೀತೆಗಳ ಹನ್ನೊಂದು ಟೇಪು. ಟೇಪು ಓದುವ ಹೆಡ್‌ನ ಕೋನ (ಅಜಿಮತ್) ಸರಿಮಾಡಿ, ಉನ್ನತ ಗುಣಮಟ್ಟದಲ್ಲಿ (96 ಕಿಲೋಹರ್ಟ್ಸ್, 24 ಬಿಟ್) ಮಾಸ್ಟರ್ ಪ್ರತಿ ತೆಗೆದಿಟ್ಟು, ಕೇಳುಗರಿಗೆ ಕೊಡುವ ಆಕ್ಸೆಸ್ ಪ್ರತಿಗೆ ಕತ್ತರಿ ಹಿಡಿದೆ.

ಪ್ರತಿ ಹಾಡಿಗೂ ಮೊದಲು ಇಡೀ ಗುಂಪು ಪದವಿಲ್ಲದೆ ‘ಫಾ, ಸೋಲ್, ಲಾ’ ಎಂದು ಒಂದು ಸುತ್ತು ಹಾಡುತ್ತಿತ್ತು. ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ. ಡಬ್ಬಿಯ ಮೇಲೆ ಯಾರೋ ಪೆನ್ಸಿಲಿನಲ್ಲಿ ‘ಮೊದಲು ನೋಟ್ಸ್, ಆಮೇಲೆ ಪದ್ಯ’ ಎಂದು ಬರೆದೇ ಇಟ್ಟಿದ್ದರು, ಓದಿಯೂ ಓದದಂತಿದ್ದೆ. ಟೇಪಿನ ವಿವರ ತುಂಬುವ ಮೆಟಾಡೇಟಾ ಹಾಳೆಯಲ್ಲಿ ಇರುವುದು ಎರಡೇ ಆಯ್ಕೆ: ‘ಪ್ರದರ್ಶನ’, ‘ಅಭ್ಯಾಸ’. ಅಭ್ಯಾಸವೆಂದು ಗುರುತು ಹಾಕಿ ಎಲ್ಲವನ್ನೂ ಹಾರಿಸಿದೆ. ವಾರದ ಗುರಿ ಬೇರೆ ಕುತ್ತಿಗೆಗೆ ಬಂದಿತ್ತು. ಆ ಗುರಿ ನಿಗದಿ ಮಾಡಿದವರು ಒಂದು ಟೇಪನ್ನೂ ಕೇಳಿದವರಲ್ಲ.

ಆ ಟೇಪುಗಳನ್ನು ಕೇಳಿಸುವ ವಿಚಾರಗೋಷ್ಠಿಗೆ ಅಲಬಾಮಾ ಕಡೆಯ ಕೆಲವು ಹಿರಿಯ ಗಾಯಕರನ್ನೂ ಕರೆಸಿದ್ದರು. ಜಗತ್ತು ‘ಅಮೇಜಿಂಗ್ ಗ್ರೇಸ್’ ಎನ್ನುವ, ಅವರು ‘45, ಮೇಲಿನದು’ ಎಂದು ಪುಟದ ಲೆಕ್ಕದಲ್ಲಿ ಕರೆಯುವ ಹಾಡನ್ನು ಹಾಕಿದೆ. ಮುಂದಿನ ಸಾಲಿನ ಅಜ್ಜಿಯ ಬಲಗೈ ತಾಳಕ್ಕೆ ಎದ್ದಿತ್ತು, ತುಟಿ ‘ಸೋಲ್’ಗೆ ಸಜ್ಜಾಗಿತ್ತು. ಸ್ಪೀಕರಿನಿಂದ ನೇರವಾಗಿ ಪದ ಬಂತು. ಕೈ ಗಾಳಿಯಲ್ಲೇ ನಿಂತಿತು.

“ಆಕಾರಗಳು ಎಲ್ಲಿ?” ಎಂದರು.

ನಾನು ಮುಂದಿನ ಹಾಡು ಒತ್ತಿದೆ. ಅದೂ ಹಾಗೆಯೇ. ಮೂರನೆಯದಕ್ಕೆ ಕೈ ಮಡಿಲಿಗೆ ಇಳಿಯಿತು. ನನಗೆ ಮೌಸ್ ಹಿಡಿಯಲಾಗದಷ್ಟು ಅಂಗೈ ಬೆವೆತಿತ್ತು.

ಆಮೇಲೆ ಅವರೇ ಪುಸ್ತಕ ತೆರೆದು ತೋರಿಸಿದರು. ಒಂದೊಂದು ಸ್ವರಕ್ಕೂ ಒಂದೊಂದು ಆಕಾರದ ಗುರುತು: ತ್ರಿಕೋನ ಫಾ, ಅಂಡಾಕಾರ ಸೋಲ್, ಚೌಕ ಲಾ, ವಜ್ರಾಕೃತಿ ಮಿ. 1844ರಲ್ಲಿ ಮೊದಲು ಅಚ್ಚಾದ ಪುಸ್ತಕದ ಪರಂಪರೆ ಅದು. ನಾಲ್ಕು ಧ್ವನಿಯವರು ಚೌಕವಾಗಿ ಒಬ್ಬರಿಗೊಬ್ಬರು ಎದುರಾಗಿ ಕೂರುತ್ತಾರೆ, ಮುಂದಾಳು ನಡುವೆ ನಿಲ್ಲುತ್ತಾನೆ. ಕೇಳುಗರಿಗಾಗಿ ಹಾಡುವ ಪದ್ಧತಿಯೇ ಇಲ್ಲ. ಅಂದರೆ ಅದು ಪ್ರದರ್ಶನವೂ ಅಲ್ಲ, ಅಭ್ಯಾಸವೂ ಅಲ್ಲ.

ನಾಚಿಕೆ ಇನ್ನೊಂದು ಕಡೆಯಿಂದ ಚುಚ್ಚಿತು. ಕರ್ನಾಟಕ ಸಂಗೀತದ ಆರಂಭದ ಪಾಠವಾದ ಮಲಹರಿ ರಾಗದ ಪಿಳ್ಳಾರಿ ಗೀತೆಗಳನ್ನು ಕಲಿತವನು ನಾನು. ಸ್ವರ ಹಾಡದೆ ಸಾಹಿತ್ಯಕ್ಕೆ ಹಾರಿದರೆ ಮೇಷ್ಟ್ರು ಮೊದಲಿನಿಂದ ಹೇಳಿಸುತ್ತಿದ್ದರು. ಅಲಬಾಮಾದ ಅದೇ ಕ್ರಮ ನನ್ನ ಕಿವಿಗೆ ಕೆಮ್ಮಿನಂತೆ ಕೇಳಿಸಿತ್ತು.

ಮಾಸ್ಟರ್‌ಗೆ ಕೈ ಹಚ್ಚಿರಲಿಲ್ಲ, ಬಚಾವಾದೆ. ಹನ್ನೊಂದನ್ನೂ ಮತ್ತೆ ಕತ್ತರಿಸಿದೆ. ಹಾಳೆಗೆ ಮೂರನೆಯ ಆಯ್ಕೆ ಸೇರಿಸಿ ಎಂದು ಕೇಳಿದರೆ, ಮುಂದಿನ ಆವೃತ್ತಿಯಲ್ಲಿ ನೋಡೋಣ ಎಂಬ ಉತ್ತರ ಬಂತು. ಸದ್ಯಕ್ಕೆ ಷರಾ ಕಾಲಮಿನಲ್ಲಿ ‘ಸ್ವರ ಸಮೇತ’ ಎಂದು ಕೈಯಾರೆ ತುಂಬುತ್ತಿದ್ದೇನೆ. ಆ ಕಾಲಮನ್ನು ಹುಡುಕಾಟದ ತಂತ್ರಾಂಶ ಓದುವುದಿಲ್ಲವಂತೆ.