ನೀಲಿ ಬಾವುಟದ ಕೆಳಗೆ

ಇವತ್ತು ಅಮೆರಿಕದ ಅರಿಜೋನಾದ ಟೂಸಾನ್ ಊರಿನ ಆಚೆಯ ಮರುಭೂಮಿಯಲ್ಲಿ ನೀರಿನ ಡ್ರಮ್ ನೋಡಿದೆ. ಕೆಳಗೊಂದು ನಲ್ಲಿ, ಪಕ್ಕದ ಎತ್ತರದ ಕಂಬದಲ್ಲಿ ನೀಲಿ ಬಾವುಟ. ದೂರದಿಂದಲೇ ಕಾಣಲಿ ಅಂತ. ಮೆಕ್ಸಿಕೊ ಗಡಿ ದಾಟಿ ನಡೆದು ಬರುವವರಿಗೆ ಇಟ್ಟದ್ದು. ಮುಟ್ಟಿದರೆ ಕೈ ಸುಡುವಷ್ಟು ಕಾದಿತ್ತು ನಲ್ಲಿ.

ಇದೇ ಊರಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚ್ 1982ರಲ್ಲಿ ಎಲ್ ಸಾಲ್ವಡಾರ್, ಗ್ವಾಟೆಮಾಲಾದಿಂದ ಓಡಿಬಂದವರಿಗೆ ಎಲ್ಲರೆದುರೇ ಬಾಗಿಲು ತೆರೆಯಿತು. ಪಾದ್ರಿ ಜಾನ್ ಫೈಫ್ ಮೇಲೆ ಕೇಸ್ ಬಿತ್ತು, 1986ರಲ್ಲಿ ತಪ್ಪಿತಸ್ಥ ಅಂತ ತೀರ್ಪೂ ಬಂತು. 2014ರಲ್ಲಿ ಅದೇ ಚರ್ಚ್ ಗಡೀಪಾರಿನ ಭಯದಲ್ಲಿದ್ದವರಿಗೆ ಮತ್ತೆ ಜಾಗ ಕೊಟ್ಟಿತು. ಎಂಥ ಗಟ್ಟಿ ಜನ!

ಬಾಯಾರಿದವರಿಗೆ, ಪರದೇಶಿಗೆ ಮಾಡಿದ್ದು ನನಗೇ ಮಾಡಿದ ಹಾಗೆ ಅಂತ ಯೇಸು ಹೇಳಿದ್ದು ಬೈಬಲಿನ ಮತ್ತಾಯ 25ರಲ್ಲಿದೆ. ಅಲ್ಲಿ ಕಾಗದಪತ್ರದ ಮಾತೇ ಇಲ್ಲ. ಗಡಿಗೆ ಕಾನೂನು ಬೇಕು, ಒಪ್ಪುತ್ತೇನೆ. ಆದರೆ ನೀರು ಕೊಡುವ ಮೊದಲು ವೀಸಾ ಕೇಳುವುದು ಹೇಗೆ? ನಾನೂ ಹೊರಗಿನಿಂದ ಬಂದವಳೇ ಅಲ್ವಾ, ಕೈಯಲ್ಲಿ ಕಾಗದ ಇತ್ತು ಅಷ್ಟೇ.